ಎರಡು ಬೆರಳು ಸಡಿಲ

ನಾನು ಒಂದು ತೂತು. ನಗಬೇಡಿ. ಕಯಾಕ್ ಎಂಬ ಉದ್ದನೆಯ, ಸಪೂರ ದೋಣಿಯ ಮೇಲ್ಭಾಗವೆಲ್ಲ ಮರದಿಂದ ಮುಚ್ಚಿರುತ್ತದೆ. ನಡುವೆ ಒಬ್ಬರು ಕಾಲು ಚಾಚಿ ಕೂರಲು ಬಿಟ್ಟ ಜಾಗವೇ ನಾನು. ನನ್ನ ಸುತ್ತ ಹಲಸಿನ ಪಟ್ಟಿಯ ಒಂದು ಬಳೆ ಇದೆ. ಅದಿಲ್ಲದಿದ್ದರೆ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಹುಟ್ಟಿದ್ದು ಗಂಗೊಳ್ಳಿಯ ಹೊಳೆದಂಡೆಯಲ್ಲಿ, ವಾಮನ ಆಚಾರಿಯವರ ಶೆಡ್ಡಿನಲ್ಲಿ. ನಲವತ್ತು ವರ್ಷ ಮೀನುಗಾರರ ದೋಣಿ ಕಟ್ಟಿದ ಕೈ ಅವರದು. ಮುಚ್ಚಿದ ದೋಣಿ ಇದೇ ಮೊದಲು. ಮಾಡಿಸಿದವರು ಜಲಜಾಕ್ಷಿ ಟೀಚರ್, ಹೈಸ್ಕೂಲಿನಲ್ಲಿ ಆಟ ಕಲಿಸುವವರು.

"ಕೂರು ಜಾಗ ಬಿಗಿ ಇರ್ಕ್ ಆಚಾರ್ರೇ. ತೊಡೆಗೆ ಹಿಡ್ತ ಸಿಕ್ದಿದ್ರೆ ದೋಣಿ ತಿರ್ಗುದಿಲ್ಲೆ."

"ಹಾಂಗಾರೆ ಸೊಂಟದ ಅಳ್ತಿ ನೀವೇ ಬರ್ದ್ ಕೊಡಿ ಟೀಚರ್ರೇ. ನಾ ಟೈಲರ್ ಅಲ್ಲ."

ತೆಳು ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಒಂದರ ಮೇಲೊಂದು ಅಂಟಿಸಿ ನನಗೆ ಆಕಾರ ಕೊಟ್ಟರು. ಅಂಟು ಹಿಡಿದಿದೆಯೇ ಎಂದು ತಿಳಿಯಲು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಪೊಳ್ಳಿದ್ದರೆ ಶಬ್ದವೇ ಬೇರೆ. ಅದಕ್ಕೆ ಒಂದು ತಟ್ಟು ಸಾಕು. ಆಚಾರಿಯವರು ಮೂರು ತಟ್ಟುತ್ತಿದ್ದರು. ಆಮೇಲೆ ನನ್ನ ಅಂಚಿಗೆ ಕಿವಿಯಿಟ್ಟು ಕಾಯುತ್ತಿದ್ದರು. ನನ್ನೊಳಗೆ ಯಾರೂ ಇರಲಿಲ್ಲ. ಆದರೂ ಅವರು ಕಾಯುವುದನ್ನು ನೋಡಿ ನೋಡಿ, ಯಾರೋ ಇರಬಹುದೆಂದು ನನಗೂ ಅನ್ನಿಸತೊಡಗಿತು.

ಕೆಲಸ ಮುಗಿದ ಮೇಲೂ ಎರಡು ತಿಂಗಳು ದೋಣಿಯನ್ನು ಕೊಡಲಿಲ್ಲ. ಕೇಳಿದಾಗಲೆಲ್ಲ ಇನ್ನೊಂದು ಕೈ ವಾರ್ನಿಶ್ ಬಾಕಿ ಎನ್ನುತ್ತಿದ್ದರು.

ಕೊನೆಗೆ ಒಂದು ಮಧ್ಯಾಹ್ನ ಪರೀಕ್ಷೆಗೆಂದು ನೀರಿಗಿಳಿದೆವು; ಟೀಚರ ಗೆಳತಿಯೊಬ್ಬಳು ಪಕ್ಕದಲ್ಲೇ ಇನ್ನೊಂದು ಕಯಾಕಿನಲ್ಲಿದ್ದಳು. ಟೀಚರ್ ಬೇಕೆಂದೇ ದೋಣಿ ಮಗುಚಿದರು. ನೀರಿನಡಿ ತಲೆಕೆಳಗಾಗಿ, ನನ್ನಲ್ಲೇ ಕುಳಿತು, ದೋಣಿಯ ಹೊಟ್ಟೆಗೆ ಮೂರು ಸಲ ಬಡಿದರು. ಆ ಸಂಜ್ಞೆಗೆ ಗೆಳತಿ ತನ್ನ ದೋಣಿಯ ಮೂತಿಯನ್ನು ಕೈಗೆ ಕೊಡಬೇಕು. ಅದನ್ನು ಹಿಡಿದು ಏಳುವುದು ಕ್ರಮ. ದಡದಲ್ಲಿದ್ದ ಆಚಾರಿಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮೂರನೇ ಬಡಿತಕ್ಕೆ ಅವರು ಉಟ್ಟ ಪಂಚೆಯಲ್ಲೇ ನೀರಿಗೆ ಹಾರಿದರು. ಟೀಚರನ್ನು ರಟ್ಟೆ ಹಿಡಿದು ಎಳೆದರು. ಬಿಗಿಯಾಗಿದ್ದ ನಾನು ಟೀಚರ ಮಂಡಿಯ ಚರ್ಮ ಕಿತ್ತುಕೊಂಡೇ ಬಿಟ್ಟೆ.

"ಎಂತ ಆಚಾರ್ರೇ, ಇದ್ ಪ್ರಾಕ್ಟೀಸ್ ಮಾರಾಯ್ರೇ!" ಟೀಚರ್ ಕೆಮ್ಮುತ್ತಲೇ ನಕ್ಕರು.

ಆಚಾರಿಯವರು ಕೆಸರಲ್ಲಿ ಕುಸಿದು ಕುಳಿತರು.

"ನನ್ ತಮ್ಮ ಶಂಭು ಹೀಂಗೇ ಬಡ್ದಿದ್ದ. ಅಳಿವೆಯಂಗೆ ದೋಣಿ ಮಗುಚ್ತ್. ನಾ ಮೇಲ್ ಹಿಡ್ಕಂಡಿದ್ದೆ, ಅವ ಅಡಿಯಂಗೆ ಬಲೆಗೆ ಸಿಕ್ಕಿದ್ದ. ಮೂರ್ ಸಲ ಬಡ್ದ. ನಾ ತೆರೆ ಅಂದ್ಕಂಡೆ."

ಟೀಚರ ನಗು ನಿಂತಿತು.

ಮರುದಿನ ಗರಗಸ ಬಂತು. ಆಚಾರಿಯವರು ನನ್ನ ಬಳೆ ಕಿತ್ತು, ಎರಡೂ ಬದಿಗೆ ಎರಡೆರಡು ಬೆರಳು ಅಗಲಿಸಿದರು.

"ದೋಣಿ ತಿರ್ಗುದಿಲ್ಲೆ ಆಚಾರ್ರೇ," ಎಂದರು ಟೀಚರ್, ಮೆಲ್ಲಗೆ.

"ತಿರ್ಗದಿದ್ರೂ ಅಡ್ಡಿಲ್ಲೆ. ಮಗುಚ್ದಾಗ ನಿಮ್ಮನ್ ಬಿಟ್ರ್ ಸಾಕ್."

ಅಂದೇ ದೋಣಿಯನ್ನು ಕೊಟ್ಟುಬಿಟ್ಟರು.

ಟೀಚರ್ ಆ ಸಂದಿಗೆ ಸ್ಪಂಜು ತುರುಕಿ ಹನ್ನೊಂದು ವರ್ಷ ಹುಟ್ಟು ಹಾಕಿದರು. ಬಿಸಿಲಲ್ಲಿ ಎಷ್ಟು ಒಣಗಿಸಿದರೂ ಎಡಗಡೆಯ ಸ್ಪಂಜು ಮಾತ್ರ ಒದ್ದೆಯಾಗಿಯೇ ಇರುತ್ತಿತ್ತು. ಟೀಚರ್ ಅದನ್ನು ಮೂರು ಸಲ ಬದಲಿಸಿದರು, ಆಮೇಲೆ ಬದಲಿಸಲಿಲ್ಲ.

ಆಚಾರಿಯವರು ತೀರಿಕೊಂಡ ಮರುದಿನ ಬೆಳಿಗ್ಗೆ ಟೀಚರ್ ಎರಡೂ ಸ್ಪಂಜು ಕಿತ್ತು ದಡದಲ್ಲಿಟ್ಟರು. ನನ್ನೊಳಗೆ ಸಡಿಲವಾಗಿ ಕುಳಿತು, ಹೊಳೆ ಕಡಲು ಸೇರುವ ಅಳಿವೆಯವರೆಗೆ ಬಂದರು. ಗಾಳಿ ಇರಲಿಲ್ಲ. ನೀರು ಎಣ್ಣೆಯ ಹಾಗೆ ಮಲಗಿತ್ತು.

ಅಡಿಯಿಂದ ಮೂರು ಬಡಿತ ಬಂತು.

ಟೀಚರ ಕೈಯ ಹುಟ್ಟು ನಿಂತಿತು. ಅವರು ಮುಷ್ಟಿ ಕಟ್ಟಿ, ನನ್ನ ಎಡಬದಿಗೆ ಮೂರು ಸಲ ಬಡಿದರು. ಆಮೇಲೆ ಬಗ್ಗಿ, ಆಚಾರಿಯವರ ಹಾಗೆಯೇ, ನನ್ನ ಅಂಚಿಗೆ ಕಿವಿಯಿಟ್ಟರು. ಮತ್ತೆ ಏನೂ ಕೇಳಿಸಲಿಲ್ಲ.

ಈಗ ನಾನು ಅವರ ಮನೆಯ ಜಗಲಿಯ ಸೂರಿಗೆ ಹಗ್ಗದಲ್ಲಿ ನೇತಾಡುತ್ತಿದ್ದೇನೆ. ಬಳೆಯ ಪಟ್ಟಿಗಳು ಬಿಟ್ಟುಕೊಂಡಿವೆ. ಒಳಗೆ ಜೇಡ ಮನೆ ಮಾಡಿದೆ. ಮುಪ್ಪಿಗೆ ಇದು ಒಳ್ಳೆಯ ಜಾಗವೇ. ಟೀಚರ್ ಹೋಗುವಾಗ ಬರುವಾಗ ಕೈಯೆತ್ತಿ ತಟ್ಟುತ್ತಾರೆ, ಮೂರು ಸಲ.

ಅಂದು ಬಡಿದದ್ದು ತೆರೆಯೇ ಇರಬಹುದು. ಆದರೂ ತಿರುಗಿ ತಟ್ಟಿ ನೋಡಬೇಕು.