ನಾಲ್ಕನೇ ಗೆರೆ

ಪೀಪಾಯಿಯ ಮೇಲೆ ಸೀಮೆಸುಣ್ಣದ ಗೆರೆ ಬಿತ್ತೆಂದರೆ ಆ ಮನೆಯಲ್ಲಿ ಮತ್ತೆ ಯಾರೂ ಚಕಾರವೆತ್ತುತ್ತಿರಲಿಲ್ಲ. ಗೆರೆ ಹಾಕುವವಳು ತಂಗಿ. ವೈನ್ ತುಂಬುವ ಮೊದಲು ಖಾಲಿ ಪೀಪಾಯಿಯೊಳಗೆ ಗಂಧಕದ ಬತ್ತಿ ಉರಿಸಿ ಹೊಗೆ ಹಾಕಬೇಕು, ಇಲ್ಲದಿದ್ದರೆ ಒಳಗಿನದು ಹುಳಿ ಹಿಡಿದು ವಿನಿಗರ್ ಆದೀತು. ಹೊಗೆ ಹಾಕಿದ್ದಕ್ಕೆ ಗುರುತಾಗಿ ಒಂದು ಗೆರೆ. ಗೆರೆ ಕಂಡರೆ ಸಾಕು, ಅಣ್ಣ ಕಣ್ಣು ಮುಚ್ಚಿಕೊಂಡು ತುಂಬುತ್ತಿದ್ದ. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು. ದ್ರಾಕ್ಷಿ ತೋಟದ ಆಳುಗಳು ಬೆನ್ನ ಹಿಂದೆ ಅವಳನ್ನು ಗೆರೆಯಮ್ಮ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಅಣ್ಣನದು ಮೂಗಿನ ಕೆಲಸ. ಹಣ್ಣು ಕೊಯ್ಲಿಗೆ ಬಂತೋ ಇಲ್ಲವೋ, ಯಾವ ಪೀಪಾಯಿಯದನ್ನು ಯಾವುದರ ಜೊತೆ ಬೆರೆಸಬೇಕು, ಎಲ್ಲ ಆ ಮೂಗಿನದೇ ತೀರ್ಮಾನ. ಅಪ್ಪನ ಕಾಲದ ಸಣ್ಣ ಗಾಜಿನ ಲೋಟವೊಂದಿತ್ತು. ಅದರಲ್ಲಿ ಸುರಿದು ಮೂಸುವ ಹಕ್ಕು ಅವನೊಬ್ಬನದು. ಚಿಕ್ಕವಳಿದ್ದಾಗ ತಂಗಿ ಆ ಲೋಟ ಬೇಕೆಂದು ರಚ್ಚೆ ಹಿಡಿದು ಅತ್ತಿದ್ದಳು. ಅತ್ತಿಗೆಗಂತೂ ಆ ಮೂಗು ಮೂರು ಹೊತ್ತಿನ ತಲೆನೋವು. "ಒಲೆ ಮೇಲೆ ಹಾಲು ಸೀಯೋಕೆ ಮುಂಚೆ ಗೇಟಿಂದ್ಲೇ ಕೂಗ್ತಾರೆ. ಇಂಥವರ ಜೊತೆ ಸಂಸಾರ ಮಾಡಿ ನೋಡಿ, ಗೊತ್ತಾಗತ್ತೆ," ಅನ್ನುತ್ತಿದ್ದಳು.

ಆ ವರ್ಷ ನೆಲಮಾಳಿಗೆಯಲ್ಲಿ ನಾಲ್ಕು ಪೀಪಾಯಿ ಸಾಲಾಗಿ ಕಾದಿದ್ದವು. ಗಂಧಕದ ಘಾಟಿಗೆ ಕಣ್ಣು ಉರಿಯುತ್ತಿತ್ತು. ಬೇಗ ಮುಗಿಯಲಿ ಎಂದು ತಂಗಿ ಮೊದಲೇ ನಾಲ್ಕಕ್ಕೂ ಗೆರೆ ಎಳೆದುಬಿಟ್ಟಳು. ಎಂದೂ ಮಾಡದವಳು ಅವತ್ತೇ ಹಾಗೆ ಮಾಡಬೇಕಿತ್ತೇ? ಮೂರಕ್ಕೆ ಹೊಗೆ ಹಾಕಿ ಕೊನೆಯ ಬತ್ತಿ ಕೈಗೆತ್ತಿಕೊಂಡಿದ್ದಳಷ್ಟೇ, ಮೇಲಿನಿಂದ ಅಣ್ಣ, "ಪುಟ್ಟಿ, ಪಂಪಿನ ಪೈಪು ಕಿತ್ಕೊಂಡಿದೆ, ಬೇಗ ಬಾ," ಎಂದು ಕೂಗಿದ. ಬತ್ತಿಯನ್ನು ಏಪ್ರನ್ನಿನ ಜೇಬಿಗೆ ತುರುಕಿ ಓಡಿದಳು. ಪೈಪು ಸಿಕ್ಕಿಸಿದ್ದಾಯಿತು, ಚೆಲ್ಲಿದ ವೈನನ್ನು ಅವಳು ಒರೆಸಿದ್ದಾಯಿತು, ಅಷ್ಟರಲ್ಲಿ ಅಣ್ಣ ಕೆಳಗೆ ಹೋಗಿ ಗೆರೆ ನೋಡಿ ನಾಲ್ಕನ್ನೂ ತುಂಬಿದ್ದ.

ಮಾರನೇ ದಿನ ಏಪ್ರನ್ ಒಗೆಯಲು ಹಾಕುವಾಗ ಬತ್ತಿ ಕೈಗೆ ಸಿಕ್ಕಿತು. ನಾಲ್ಕನೆಯದಕ್ಕೆ ಹೊಗೆ ಹಾಕಿಯೇ ಇಲ್ಲವೆಂದು ಆಗ ಹೊಳೆಯಿತು. ಆಗಲೇ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ವೈನನ್ನು ಬೇರೆಡೆಗೆ ಇಳಿಸಿ, ಹೊಗೆ ಹಾಕಿ, ಮತ್ತೆ ತುಂಬಲು ಅರ್ಧ ದಿನ ಸಾಕು. ಅಣ್ಣ ಬಯ್ಯುತ್ತಲೂ ಇರಲಿಲ್ಲ, ಹೆಚ್ಚೆಂದರೆ ನಗುತ್ತಿದ್ದ. ಗೆರೆಯಮ್ಮನಿಗೆ ಆ ನಗುವೇ ಬೇಡವಾಗಿತ್ತು. ಒಂದು ಬತ್ತಿಯಿಂದ ಏನು ಮಹಾ ಆಗುತ್ತದೆ ಅಂದುಕೊಂಡು ಅದನ್ನು ಹಳೇ ಬಿರಡೆಗಳ ಡಬ್ಬಿಯ ತಳಕ್ಕೆ ಹಾಕಿದಳು.

ತಿಂಗಳು ಕಳೆದ ಮೇಲೆ, ಜೋರು ನೆಗಡಿಯಿಂದ ಆಗಷ್ಟೇ ಎದ್ದಿದ್ದ ಅಣ್ಣ ನಾಲ್ಕನೆಯದನ್ನು ಮೂಸಿ, "ಚೆನ್ನಾಗಿದೆ," ಅಂದ. ಅವಳಿಗೆ ಹೋದ ಜೀವ ಬಂದಂತಾಯಿತು. ಆಗ ಅದು ನಿಜವಾಗಿಯೂ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಆಮೇಲೆ. ಇನ್ನೂ ಮೂರು ತಿಂಗಳು ಕಳೆದು ಬಿರಡೆ ತೆಗೆದರೆ ಹುಳಿ ವಾಸನೆ ಗಪ್ಪೆಂದು ಹೊಡೆಯಿತು. ಅತ್ತಿಗೆ ಮೆಟ್ಟಿಲ ಮೇಲೇ ಮೂಗು ಮುಚ್ಚಿಕೊಂಡಳು.

ಅಣ್ಣ ಯಾರ ಮೇಲೂ ಹರಿಹಾಯಲಿಲ್ಲ. "ಅವತ್ತು ಮೂಸಿದಾಗ್ಲೇ ಹುಳಿ ಇದ್ದಿರಬೇಕು. ನನಗೇ ತಿಳೀಲಿಲ್ಲ. ನೆಗಡಿ ಜೊತೆ ಮೂಗೂ ಹೋಯ್ತು," ಅಂದ. ಅಂದಿನಿಂದ ಲೋಟವನ್ನು ಮೂಗಿನ ಬಳಿ ತಂದು, ಏನೂ ಹೇಳದೆ ಕೆಳಗಿಡುವುದೇ ಆಯಿತು. ಅಡುಗೆಮನೆಯಿಂದ ಸೀದ ವಾಸನೆ ಬಂದರೂ, ಅದು ನಿಜವೋ ಭ್ರಮೆಯೋ ಎಂದು ಹೆಂಡತಿಯನ್ನು ಕೇಳುತ್ತಿದ್ದ. "ಗೇಟಿಂದ ಕೂಗ್ತಿದ್ದಿದ್ದೇ ವಾಸಿ," ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು.

ತಂಗಿಗೆ ಅಣ್ಣನ ಮೂಗನ್ನು ತಾನೇ ಕಿತ್ತುಕೊಂಡೆ ಅನ್ನಿಸುತ್ತಿತ್ತು. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಮೂರು ವಾರ ದೂಡಿದಳು.

ವೈನ್ ಬೆರೆಸುವ ದಿನ ಬಂತು. ಅಣ್ಣ ಅಪ್ಪನ ಲೋಟವನ್ನು ತೊಳೆದು ಒರೆಸಿ ಅವಳ ಮುಂದೆ ಹಿಡಿದ.

"ತಗೋ ಪುಟ್ಟಿ. ಇನ್ಮೇಲೆ ನೀನೇ ಮೂಸು. ಚಿಕ್ಕೋಳಿದ್ದಾಗ ಇದಕ್ಕೇ ಅಳ್ತಿದ್ದೆ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ಅಣ್ಣ, ನಿನ್ನ ಮೂಗು ಸರಿಯಾಗೇ ಇದೆ. ತಪ್ಪು ನಂದು. ನಾಲ್ಕನೇದಕ್ಕೆ ಹೊಗೇನೇ ಹಾಕಿರ್ಲಿಲ್ಲ ನಾನು, ಮೊದ್ಲೇ ಗೆರೆ ಎಳೆದಿದ್ದೆ. ಮಾರನೇ ದಿನ ಗೊತ್ತಾದ್ರೂ ಬಾಯಿ ಬಿಡ್ಲಿಲ್ಲ."

ಅಣ್ಣ ಅವಳನ್ನೇ ನೋಡಿದ. ಆಮೇಲೆ ತುಂಬ ದಿನದ ಮೇಲೆ ಸಣ್ಣಗೆ ನಕ್ಕ. "ನನ್ನ ಸಮಾಧಾನಕ್ಕೆ ಎಂಥಾ ಸುಳ್ಳು ಕಟ್ಟಿದೀಯೇ. ಹೊಗೆ ಹಾಕದೆ ಗೆರೆ ಎಳಿಯೋಳಾ ನೀನು?"

"ನಿನ್ನಾಣೆ, ಅಣ್ಣ." ಅವಳು ಬಿರಡೆಗಳ ಡಬ್ಬಿಯನ್ನು ನೆಲಕ್ಕೆ ಸುರಿದು, ತಡಕಾಡಿ, ಬತ್ತಿ ತೆಗೆದಳು. "ನೋಡು, ಅವತ್ತಿಂದು."

"ಇಂಥಾ ಬತ್ತಿ ಇಲ್ಲಿ ಎಷ್ಟು ಬಿದ್ದಿಲ್ಲ." ಅಣ್ಣ ಅವಳ ಕೈ ಹಿಡಿದು ನಾಲ್ಕನೇ ಪೀಪಾಯಿಯ ಮುಂದೆ ನಿಲ್ಲಿಸಿದ. ಗೆರೆ ಮಾಸಿತ್ತು, ಆದರೆ ನೆಟ್ಟಗಿತ್ತು. "ಇದಕ್ಕಿಂತ ಸಾಕ್ಷಿ ಬೇಕಾ? ಮೂವತ್ತು ವರ್ಷದಲ್ಲಿ ನಿನ್ನ ಒಂದು ಗೆರೆ ಸುಳ್ಳಾಗಿಲ್ಲ. ಸುಳ್ಳಾಗಿದ್ದು ನನ್ನ ಮೂಗು, ಅಷ್ಟೇ. ಬಿಡು."

ಅಣ್ಣ ಮೊದಲನೇ ಪೀಪಾಯಿಯಿಂದ ಲೋಟಕ್ಕೆ ಸುರಿದು ಅವಳ ಕೈಗಿಟ್ಟು, ಮುಖವನ್ನೇ ನೋಡುತ್ತ ನಿಂತ.

"ಹೇಗಿದೆ ಹೇಳು."

ಅವಳು ಮೂಸಿದಳು. ಅಳು ಬಂದು ಮೂಗು ಕಟ್ಟಿಹೋಗಿತ್ತು. ಯಾವ ವಾಸನೆಯೂ ತಿಳಿಯಲಿಲ್ಲ.

"ಚೆನ್ನಾಗಿದೆ," ಅಂದಳು.

ಅದನ್ನು ಅಣ್ಣ ತಕ್ಷಣ ನಂಬಿದ.