ಗೌರಾಪುರದ ಗೌರ ಯಾರು?

ಎಲ್ಲ ಕೆಟ್ಟದ್ದು ಆ ಹಾಳು ಮೈಕಿನಿಂದ. ಕಣ್ಣಮ್ಮಾಳ್ ಇವತ್ತಿಗೂ ಆಣೆಯಿಟ್ಟು ಹೇಳುವ ಮಾತು ಇದು. ಅವಳದೇನೂ ತಪ್ಪಿರಲಿಲ್ಲವೇ ಎಂದರೆ, ಇತ್ತು. ಅದಕ್ಕೆ ಆಮೇಲೆ ಬರೋಣ.

ಚಿನ್ನಮನೂರಿನ ಕಲ್ಯಾಣಮಂಟಪದಲ್ಲಿ ಅವಳ ಮೊಮ್ಮಗಳು ಜನನಿಯ ನಿಶ್ಚಿತಾರ್ಥ. ಹುಡುಗ ಆಂಡಿಪಟ್ಟಿಯ ಲೋಗೇಶ್. ಮೂರು ವರ್ಷ ಕದ್ದುಮುಚ್ಚಿ ಮಾತಾಡಿ, ಅತ್ತೂ ಕರೆದೂ ಇಬ್ಬರೂ ತಮ್ಮ ತಮ್ಮ ಮನೆಯವರನ್ನು ಒಪ್ಪಿಸಿದ್ದರು. ಉಳಿದದ್ದು ಒಂದೇ ಶಾಸ್ತ್ರ. ತಾಂಬೂಲದ ತಟ್ಟೆ ಬದಲಾಯಿಸುವ ಮುಂಚೆ ಎರಡೂ ಕಡೆಯ ಹಿರಿಯರು ಎದ್ದು, ತಮ್ಮ ಪೂರ್ವಿಕರು ಐನೂರು ವರ್ಷದ ಹಿಂದೆ ಯಾವ ಪಟ್ಟಣ ಬಿಟ್ಟು ಈ ತಮಿಳು ಸೀಮೆಗೆ ಬಂದರು, ಆ ಪಟ್ಟಣಕ್ಕೆ ಆ ಹೆಸರು ಹೇಗೆ ಬಂತು ಎಂದು ಹೇಳಬೇಕು. ಎರಡೂ ಒಂದೇ ಆದರೆ ಹೆಣ್ಣು ಕೊಡಬಹುದು. ಬೇರೆಯಾದರೆ ತಟ್ಟೆ ಮುಟ್ಟುವಂತಿಲ್ಲ. ಇಷ್ಟು ಕಾಲ ಹಿರಿಯರು ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡೇ ಅದನ್ನು ಗೊಣಗುತ್ತಿದ್ದರು. ಜನ ವಡೆ ಯಾವಾಗ ಬರುತ್ತದೋ ಎಂದು ಅಡುಗೆಮನೆ ಕಡೆ ನೋಡುತ್ತಿದ್ದರು. ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ, ಮದುವೆಗಳು ಸುಸೂತ್ರವಾಗಿ ನಡೆಯುತ್ತಿದ್ದವು.

ಈ ಸಲ ಲೋಗೇಶನ ದೊಡ್ಡಪ್ಪ ಚಿನ್ನಯ್ಯ ಮೈಕ್ ತರಿಸಿದ್ದ.

ಅದನ್ನು ಮೊದಲು ಹಿಡಿದವನು ಕಣ್ಣಮ್ಮಾಳ ಮಗ, ಜನನಿಯ ಅಪ್ಪ ಮಾದವನ್. ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುವ ಸಾಧು ಮನುಷ್ಯ. "ನಮ್ಮೋರು ಬಿಟ್ಟು ಬಂದ ಪಟ್ಟಣ ಗೌರಾಪುರ. ಗೌರ ಅನ್ನೋದು ಒಂದು ಹಸ. ಅದು ನಡೆದು ನಡೆದು ಮಲಗಿದ ಜಾಗದಲ್ಲೇ ಪಟ್ಟಣ ಕಟ್ಟಿದ್ರು" ಎಂದ.

ಚಿನ್ನಯ್ಯನ ಮುಖ ಕಪ್ಪಿಟ್ಟಿತು. ಮೈಕ್ ಕಿತ್ತುಕೊಂಡ.

"ಏನ್ ಸಂಬಂದೀ, ಇದೇನ್ ಮಾತು? ಗೌರ ನಮ್ ಮಹಾರಾಣಿ! ಮೂರು ಮೂಗುತಿ ಹಾಕ್ಕಂಡು ಆನೆ ಮೇಲೆ ಬಂದು ಪಟ್ಟಣ ಕಟ್ಟಿದೋಳು. ನಮ್ಮವ್ವ ಪಾಂಡಿಯಮ್ಮಾಳ್ ದಿನಾ ಹೇಳ್ತಿದ್ಲು. ಅಂಥೋಳನ್ನ ಹಸ ಅಂತೀರಾ?"

"ಹಸ ನಮಗೆ ಕಡವುಳು, ದೇವ್ರು! ಕಡವುಳನ್ನ ಹಿಡಕಂಡು ನೀವು ಬರೀ ರಾಣಿ ಅಂತೀರಾ?"

ಅಷ್ಟೇ. ಮಂಟಪ ಎರಡು ಪಾಲಾಯಿತು. ಯಾರೂ ಕಾಣದ ಪಟ್ಟಣಕ್ಕಾಗಿ ಜನ ಪಂಚೆ ಎತ್ತಿ ಕಟ್ಟಿದರು. ವಡೆ ಬಡಿಸುವವನು ಯಾವ ಪಕ್ಷಕ್ಕೆ ಬಡಿಸಬೇಕೆಂದು ತಿಳಿಯದೆ ಬಕೆಟ್ ಹಿಡಿದು ನಿಂತ. ಗಂಡಿನ ಕಡೆಯವರು ತಟ್ಟೆ ಎತ್ತಿಕೊಂಡರು. ಜನನಿ ಓಡಿಬಂದು ಅಜ್ಜಿಯ ಕೈ ಹಿಡಿದಳು. "ಪಾಟೀ, ಏನಾರಾ ಮಾಡು ಪಾಟೀ. ಇದು ಮುರಿದೋದ್ರೆ ನಾ ಬದುಕಲ್ಲ."

ಆ ಹಸುವನ್ನು ಹುಟ್ಟಿಸಿದವಳು ಕಣ್ಣಮ್ಮಾಳೇ. ಐದು ವರ್ಷದ ಮಾದವನ್ ತುತ್ತು ನುಂಗದೆ ಹಟ ಹಿಡಿದಾಗ ಬಾಯಿಗೆ ಬಂದದ್ದನ್ನು ಹೇಳಿದ್ದಳು. ಹೋಗಲಿ, ಅದೊಂದಾದರೆ ಸಹಿಸಬಹುದಿತ್ತು. ಆ ಮೂರು ಮೂಗುತಿ? ನಲವತ್ತು ವರ್ಷದ ಹಿಂದೆ ತೇನಿಯಿಂದ ಆಂಡಿಪಟ್ಟಿಗೆ ಹೋಗುವ ಬಸ್ಸಿನಲ್ಲಿ ಪಾಂಡಿಯಮ್ಮಾಳ್ ಎಂಬ ಹೆಂಗಸು ಪಕ್ಕ ಕೂತು, ತನ್ನ ಎರಡು ಮೂಗುತಿ ತೋರಿಸಿ ತೋರಿಸಿ ಜಂಬ ಕೊಚ್ಚಿದ್ದಳು. ಅವಳ ಸೊಕ್ಕಿಳಿಸಲು ಕಣ್ಣಮ್ಮಾಳ್, ಕಂಡಕ್ಟರ್ ಟಿಕೆಟ್ ಹರಿಯುವಷ್ಟರಲ್ಲಿ, ಗೌರಾಪುರಕ್ಕೆ ಮೂರು ಮೂಗುತಿಯ ರಾಣಿಯೊಬ್ಬಳನ್ನು ಹೊಸೆದಿದ್ದಳು. ಆ ಪಾಂಡಿಯಮ್ಮಾಳ್ ಚಿನ್ನಯ್ಯನ ತಾಯಿ ಎಂದು ತಿಳಿದದ್ದು ಈಗ.

ಮಾನ ಹೋದರೆ ಹೋಗಲಿ, ಹುಡುಗಿಯ ಬಾಳು ದೊಡ್ಡದು. ಅವಳು ಎದ್ದು ಹೋಗಿ ಮೈಕ್ ಹಿಡಿದಳು.

"ಕೇಳ್ರಪ್ಪಾ. ಹಸನೂ ನಾನೇ ಕಟ್ಟಿದ್ದು, ಇವನಿಗೆ ಉಣ್ಸೋಕೆ. ರಾಣೀನೂ ನಾನೇ ಕಟ್ಟಿದ್ದು, ಓಡೋ ಬಸ್ಸಲ್ಲಿ ಪಾಂಡಿಯಮ್ಮಾಳ್ ಮುಂದೆ. ಸತ್ಯಮಾಗಿ ಎರಡೂ ಸುಳ್ಳು. ಜಗಳ ಬಿಟ್ಟು ತಟ್ಟೆ ಬದಲಾಯಿಸ್ರಿ."

ಚಿನ್ನಯ್ಯ ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ ಎರಡೂ ಕೈ ಎತ್ತಿ ಮುಗಿದ.

"ಅತ್ತೆ, ನೀವೇ ಕಟ್ಟಿದ್ದು ಅಂತೀರಲ್ಲ, ಓಡೋ ಬಸ್ಸಲ್ಲಿ ನಿಮ್ ನಾಲಿಗೆ ಮೇಲೆ ಅದನ್ನ ತಂದಿಟ್ಟೋರು ಯಾರು? ಪೂರ್ವಿಕರು!"

"ಹೌದವ್ವಾ" ಎಂದ ಮಾದವನ್. ಅವನ ಕಣ್ಣಲ್ಲಿ ನೀರು. "ನನ್ನ ಊಟದ ಹೊತ್ತಿಗೆ ಸರಿಯಾಗಿ ಬಂದು ಹೇಳವ್ರೆ."

"ಅಯ್ಯೋ, ಯಾರೂ ಬರಲಿಲ್ಲ ಕಣ್ರೋ! ಬರೀ ಸುಳ್ಳು!"

"ದೊಡ್ಡೋರಿಗೆ ತಾವು ದೊಡ್ಡೋರು ಅಂತ ಗೊತ್ತಿರಲ್ಲ" ಎಂದ ಚಿನ್ನಯ್ಯ. ಎರಡು ಪಕ್ಷದವರೂ ಒಕ್ಕೊರಲಿನಿಂದ ಹೌದೌದು ಎಂದರು. ಹತ್ತು ನಿಮಿಷದಲ್ಲಿ ತೀರ್ಮಾನವೂ ಆಯಿತು: ರಾಣಿ ಗೌರ, ಅವಳ ಹಸುವೂ ಗೌರ, ಇಬ್ಬರೂ ಒಂದೇ ದಿನ ಹುಟ್ಟಿದವರು. ಇನ್ನು ಅದನ್ನು ಕಣ್ಣಮ್ಮಾಳೇ ಹೇಳಿ ಹರಸಬೇಕು, ಅಲ್ಲಿಯವರೆಗೆ ತಟ್ಟೆ ಕದಲುವಂತಿಲ್ಲ ಎಂದು ಪಟ್ಟು ಹಿಡಿದರು.

ಅವಳು ಜನನಿಯ ಮುಖ ನೋಡಿದಳು. ಹೇಳಿದಳು. ಶುರು ಮಾಡಿದ ಮೇಲೆ ನಾಲಿಗೆ ನಿಲ್ಲಬೇಕಲ್ಲ, ಹಸುವಿನ ಹಿಂದೆ ಒಂದು ಕರುವೂ ಬಂತು.

"ಮೊಂಡುಬಾಲದ ಕರು!" ಹಿಂದಿನಿಂದ ಒಬ್ಬ ಮುದುಕ ಕೂಗಿದ. "ನಮ್ ತಾತನೂ ಹೇಳ್ತಿದ್ದ!"

ತಟ್ಟೆ ಬದಲಾಯಿತು. ವಡೆ ಬಂತು. ಜನನಿ ಹೊಸ ಸೀರೆಯಲ್ಲೇ ಬಂದು ಅಜ್ಜಿಯ ಕಾಲ ಬಳಿ ಕುಳಿತಳು.

"ನಿಜವಾದ್ದು ಏನು ಪಾಟೀ? ಯಾಕ್ ಆ ಹೆಸ್ರು?"

ಕಣ್ಣಮ್ಮಾಳ ಕೈಯಲ್ಲಿ ವಡೆ ಹಾಗೇ ಉಳಿಯಿತು. ಐವತ್ತೈದು ವರ್ಷ ಯಾರಿಗೂ ಹೇಳದೆ ನುಂಗಿಕೊಂಡಿದ್ದನ್ನು ಈಗ ಹೇಳಿದಳು.

"ನಮ್ಮವ್ವ ಹೇಳಿದ್ಲು ಕಂದಾ. ಸಾಯೋಕೆ ಮುಂಚೆ ಕೂರಿಸಿಕಂಡು ಪೂರಾ ಹೇಳಿದ್ಲು. ನಾನು ಸರಿ ಸರಿ ಅಂದೆ. ಒಂದಕ್ಷರ ಕೇಳಿಸ್ಕಳ್ಳಿಲ್ಲ. ಹೋಯ್ತು ಕಂದಾ, ಇನ್ಯಾರಿಗೂ ಗೊತ್ತಿಲ್ಲ." ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಜನನಿ ಆ ಸೆರಗನ್ನು ಮೆಲ್ಲಗೆ ಸರಿಸಿ ಕಣ್ಣೊರೆಸಿದಳು.

"ಅಳಬೇಡ ಪಾಟೀ" ಎಂದಳು. "ಈಗ ಸಿಕ್ತಲ್ಲ."