ಮುದ್ರೆ ಒಡೆಯುವ ಮುನ್ನ

ಮಹಾಧರ್ಮಾಧ್ಯಕ್ಷರ ಪತ್ರ ಬರೆದು ಬರೆದು ಗುಮಾಸ್ತ ಹ್ಯಾಮೋನ ಬೆರಳು ಸವೆದಿದ್ದವು. ಹಂಸ ಕದ್ದವನಿಗೆ ಶಾಪ, ನಾಯಿಮರಿ ಸಾಕಿದ ಸನ್ಯಾಸಿನಿಯರಿಗೆ ಛೀಮಾರಿ, ಕಳಿಸಿದ ಜಿಂಕೆಮಾಂಸ ಹಳಸಿತ್ತೆಂದು ಬಿಷಪ್ಪರೊಬ್ಬರ ಮೇಲೆ ಉದ್ದುದ್ದ ಕೋಪ! ಇವಕ್ಕೆಲ್ಲ ಅಂದಂದೇ ಮುದ್ರೆ ಬೀಳುತ್ತಿತ್ತು. ವಿಧವೆ ಎಮ್ಮಟ್ ಬೇಡಿದ ಕಾಗದಕ್ಕೆ ಮಾತ್ರ ಗುರುಗಳಿಗೆ ಪುರುಸೊತ್ತಿಲ್ಲ.

ಅವಳ ಗಂಡ ಡಾಡ್ ಮಾಡಿದ ಘನಂದಾರಿ ಪಾಪವೇನು? ಅವನ ಹಂದಿ ಗುರುಗಳ ಜಿಂಕೆವನಕ್ಕೆ ನುಗ್ಗಿ ಓಕ್ ಕಾಯಿ ಮೆದ್ದಿತ್ತು. ಹಂದಿ ಗುರುಗಳ ಅಡುಗೆಮನೆ ಸೇರಿತು, ಡಾಡ್‌ಗೆ ಬಹಿಷ್ಕಾರ ಬಿತ್ತು. ಅದು ತೀರುವ ಮೊದಲೇ ಪಾಪದವನು ಸತ್ತ. ಬಹಿಷ್ಕೃತನಿಗೆ ಚರ್ಚಿನ ಅಂಗಳದ ಮಣ್ಣಿಲ್ಲ. ಕ್ಷಮೆಯ ಕಾಗದ ಬರುವವರೆಗೆ ಹೆಣ ಕೊಟ್ಟಿಗೆಯಲ್ಲೇ. ಪುಣ್ಯಕ್ಕೆ ಚಳಿಗಾಲ.

"ಸ್ವಾಮಿ, ಹಿಮ ಕರಗ್ತಾ ಇದೆ," ಎಂದಳು ಎಮ್ಮಟ್, ಅರಮನೆಯ ಬಾಗಿಲಲ್ಲಿ ನಿಂತು. "ಇನ್ನೆಷ್ಟು ದಿನ ಇಟ್ಕೊಳ್ಳಲಿ?"

"ಬರೆದಿಟ್ಟಿದ್ದೀನಿ ತಾಯಿ, ಮುದ್ರೆ ಒಂದೇ ಬಾಕಿ. ಗುರುಗಳಿಗೆ ಮೈ ಸರಿಯಿಲ್ಲ."

"ಶಾಪ ಹಾಕೋವಾಗ ಗಟ್ಟಿಯಾಗೇ ಇದ್ರಲ್ಲ?"

ಹ್ಯಾಮೋ ತಲೆ ತಗ್ಗಿಸಿದ. ಆ ಶಾಪ ಬರೆದದ್ದೂ ಅವನ ಕೈಯೇ.

ಅಷ್ಟರಲ್ಲಿ ಒಳಗೆ ಗಂಟೆ ಹೊಡೆಯಿತು. ಈಲು ಮೀನು ತಿನ್ನುತ್ತಲೇ ಗುರುಗಳು ತೀರಿಕೊಂಡಿದ್ದರು. ಒಡೆಯ ಸತ್ತರೆ ಅವನ ಮುದ್ರೆಯನ್ನು ಎಲ್ಲರೆದುರು ಸುತ್ತಿಗೆಯಿಂದ ಒಡೆಯಬೇಕು. ಆಮೇಲೆ ಹೊಸಬರು ಬರುವವರೆಗೆ ಕ್ಷಮೆಯೂ ಇಲ್ಲ, ಗಿಮೆಯೂ ಇಲ್ಲ. ಹ್ಯಾಮೋ ಒಳಕ್ಕೆ ಓಡಿದ.

ಮನೆ ಉರಿಯುವಾಗ ಗಳ ಹಿರಿದರಂತೆ! ಅಡುಗೆಯವನು ತಾಮ್ರದ ಹಂಡೆ ಹೊತ್ತಿದ್ದ, ಪ್ರಾರ್ಥನೆ ಹೇಳಬೇಕಾದ ಪಾದ್ರಿ ಗುರುಗಳ ಹಾಸಿಗೆಯನ್ನೇ ಸುರುಳಿ ಸುತ್ತುತ್ತಿದ್ದ. ಅಳುವವರು ಒಬ್ಬರಿಲ್ಲ. ಹ್ಯಾಮೋ ಮೇಣ ಕರಗಿಸಿ, ಡಾಡ್‌ನ ಕ್ಷಮೆಯ ಕಾಗದಕ್ಕೆ ನಿನ್ನೆಯ ತಾರೀಖು ಹಾಕಿ, ಮುದ್ರೆ ಒತ್ತಿದ.

"ಏನೋ ಅದು, ಕಳ್ಳ?" ಹಿಂದೆ ಸುತ್ತಿಗೆ ಹಿಡಿದ ಮೇಲ್ವಿಚಾರಕ ಫುಲ್ಕ್.

"ನಿನ್ನೆಯ ಕಾಗದ, ಸ್ವಾಮಿ. ತಮ್ಮ ನಿಲುವಂಗಿಯೊಳಗೆ ಏನೋ ಉಬ್ಬಿದೆಯಲ್ಲ? ಗುರುಗಳ ಬೆಳ್ಳಿ ದೀಪವೇ?"

ಫುಲ್ಕ್ ಬಾಗಿಲ ಕಡೆ ನೋಡಿದ. "ಬೇಗ ಮುಗಿಸು, ಮಾರಾಯ. ಜನ ಬರ್ತಾರೆ."

ಸಂಜೆಯೊಳಗೆ ಡಾಡ್ ಚರ್ಚಿನ ಅಂಗಳದಲ್ಲಿ ಮಣ್ಣಾದ.

ಗುರುಗಳ ಪತ್ರಗಳನ್ನೆಲ್ಲ ನಕಲಿಸಿಟ್ಟ ಸಂಪುಟ ಇವತ್ತಿಗೂ ಉಳಿದಿದೆ. ಹಂಸ, ನಾಯಿಮರಿ, ಹಳಸಿದ ಮಾಂಸ, ಎಲ್ಲ ಇವೆ. ಡಾಡ್‌ನ ಕ್ಷಮೆ ಇಲ್ಲ. ಹ್ಯಾಮೋ ಅದನ್ನು ಸಂಪುಟಕ್ಕೆ ಇಳಿಸಲಿಲ್ಲ.

ಭಾನುವಾರ ಎಮ್ಮಟ್ ಗುರುಗಳ ಸಮಾಧಿಯ ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದಳು. ಹ್ಯಾಮೋನನ್ನು ಕಂಡು ಕಣ್ಣೊರೆಸಿಕೊಂಡಳು.

"ನಾನು ಎಷ್ಟು ಬೈದಿದ್ದೆ ಸ್ವಾಮಿ! ಸಾಯೋ ಹಿಂದಿನ ದಿನಾನೂ ನನ್ನ ಗಂಡನ್ನ ನೆನೆಸ್ಕೊಂಡ್ರಲ್ಲ, ಪುಣ್ಯಾತ್ಮರು."

"ಆಮೆನ್," ಎಂದ ಹ್ಯಾಮೋ.